ಬಿ-1 ಪಾಸಾಗಿದೆ, ಬ್ರೆಡ್ ಅಂಗಡಿಯಾಕೆ ಹೇಳುವುದು ಮಾತ್ರ ಅರ್ಥವಾಗುತ್ತಿಲ್ಲ

ಪ್ರಶ್ನೆ: ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಬಿ.ಎ. ಮೂರನೇ ವರ್ಷ. ಕಾಲೇಜಿನ ವಿನಿಮಯ ಯೋಜನೆಯಲ್ಲಿ ಒಂದು ಸೆಮಿಸ್ಟರ್ ಓದಲು ಸ್ಪೇನ್‌ನ ಗ್ರನಾದಾಕ್ಕೆ ಬಂದು ಆರು ವಾರ ಆಯಿತು. ಸ್ಪ್ಯಾನಿಷ್‌ನಲ್ಲಿ ಬಿ-1, ಅಂದರೆ ಮಧ್ಯಮ ಮಟ್ಟ, ಪಾಸು ಮಾಡಿಕೊಂಡೇ ಬಂದಿದ್ದೆ. ಆದರೆ ಇಲ್ಲಿ ಯಾರ ಮಾತೂ ತಲೆಗೆ ಹೋಗುತ್ತಿಲ್ಲ. ಬ್ರೆಡ್ ಅಂಗಡಿಯಾಕೆ ಬೆಲೆ ಹೇಳಿದರೂ ಗೊತ್ತಾಗದೆ ದಿನಾ ಐದು ಯೂರೋ ನೋಟು ಕೊಡುತ್ತೇನೆ. ಚಿಲ್ಲರೆಯೇ ಒಂದು ಡಬ್ಬಿ ಆಗಿದೆ. ಆಕೆಗೆ ನನ್ನ ಮೇಲೆ ಸಿಟ್ಟು ಅಂತಲೂ ಅನ್ನಿಸುತ್ತದೆ. ಕ್ಲಾಸಿನವರು ನನ್ನ ಮುಖ ನೋಡಿದ ಕೂಡಲೇ ಇಂಗ್ಲಿಷ್‌ಗೆ ತಿರುಗುತ್ತಾರೆ. ಗುಂಪು ಕೆಲಸಕ್ಕೆ ರಾತ್ರಿ ಒಂಬತ್ತಕ್ಕೆ ಬಾರಿಗೆ ಬಾ ಅನ್ನುತ್ತಾರೆ. ನಾನು ಸಸ್ಯಾಹಾರಿ, ಕೇಳಿ ತಗೊಂಡ ತರಕಾರಿ ಸ್ಯಾಂಡ್‌ವಿಚ್‌ನಲ್ಲೂ ಮೀನು ಇತ್ತು. ಮೊದಲ ಟೆಸ್ಟಿನಲ್ಲಿ ಹತ್ತಕ್ಕೆ 5.8 ಬಂದಿದೆ. ಅಮ್ಮ ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಾರೆ, ಒಂದೂವರೆ ಗಂಟೆ ಮಾತಾಡಿ ಅಳುತ್ತೇನೆ. ರೂಮಿನಲ್ಲಿ ಜೊತೆಗಿರುವ ಪುಣೆ, ದೆಹಲಿಯ ಹುಡುಗಿಯರು, ‘ಇದು ಇಟಲಿ, ಫ್ರಾನ್ಸಿನವರಿಗೆ ಬರುವ ಭಾಷೆ, ನಮ್ಮ ನಾಲಿಗೆಗೆ ಹತ್ತಲ್ಲ’ ಅನ್ನುತ್ತಾರೆ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ. ಡಿಸೆಂಬರ್‌ಗೇ ವಾಪಸ್ ಬಂದುಬಿಡಲಾ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಕ್ಷಮಿಸಿ. ನಿಮ್ಮ ಸಂಕಟಕ್ಕಲ್ಲ, ಆ ಚಿಲ್ಲರೆ ಡಬ್ಬಿಗೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಅದೇ ಊರಿನಲ್ಲಿ ಓದುವಾಗ ನನ್ನ ಹತ್ತಿರವೂ ಅಂಥದ್ದೊಂದು ಡಬ್ಬಿ ಇತ್ತು, ಕಾಫಿ ಪುಡಿಯದ್ದು. ಆಮೇಲೆ ಬೆಂಗಳೂರಿಗೆ ಬಂದು ಸ್ಪ್ಯಾನಿಷ್ ಕಲಿಸುವ ಕೆಲಸ ಹಿಡಿದೆ. ಆ ಕಡೆ ಓದಲು ಹೋದ ನನ್ನ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಐದನೇ, ಆರನೇ ವಾರಕ್ಕೆ ಇಂಥದ್ದೇ ಪತ್ರ ಬರೆದಿದ್ದಾರೆ.

ನೀವು ಕೇಳಿದ್ದು ವಾಪಸ್ ಬರಲಾ ಅಂತ. ಆದರೆ ಪತ್ರದ ಒಳಗಿರುವ ಭಯ ಬೇರೆ: ಇಷ್ಟು ದಿನ ಕಲಿತದ್ದೆಲ್ಲ ಸುಳ್ಳಾ, ನಾನೇ ದಡ್ಡಿಯಾ ಅನ್ನುವುದು. ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಟಿಕೆಟ್ ವಿಷಯ ಆಮೇಲೆ.

ನೀವು ಕಲಿತದ್ದು ಒಂದು ಸ್ಪ್ಯಾನಿಷ್, ಬಂದಿಳಿದದ್ದು ಇನ್ನೊಂದು ಸ್ಪ್ಯಾನಿಷ್ ಇರುವ ಊರಿಗೆ. ಯಾರೋ ಒಬ್ಬರು ಪುಸ್ತಕ ಇಟ್ಟುಕೊಂಡು ‘ತಾವು ಏನು ಮಾಡುತ್ತಿದ್ದೀರಿ’ ಅಂತ ಕನ್ನಡ ಕಲಿತು ಸೀದಾ ಧಾರವಾಡದಲ್ಲಿ ಬಸ್ ಇಳಿದರು ಅಂದುಕೊಳ್ಳಿ. ಎದುರಿಗಿದ್ದವರು ‘ಏನ್ ಮಾಡಾಕತ್ತೀರಿ’ ಅಂದರೆ ಅವರಿಗೆ ಹೇಗಾಗಬೇಕು? ಅಲ್ಲಿಂದ ಕುಂದಾಪುರಕ್ಕೆ ಹೋದರೆ ಮತ್ತೆ ಮೊದಲಿನಿಂದ ಶುರು. ಅವರು ಕಲಿತ ಕನ್ನಡ ಸುಳ್ಳಲ್ಲ. ಕಿವಿಗೆ ಆ ಊರು ಇನ್ನೂ ಪರಿಚಯ ಆಗಿಲ್ಲ, ಅಷ್ಟೇ.

ಗ್ರನಾದಾ ಇರುವುದು ಆಂದಲುಸಿಯಾದಲ್ಲಿ, ಅಂದರೆ ಸ್ಪೇನ್‌ನ ದಕ್ಷಿಣ ಭಾಗದಲ್ಲಿ. ಅಲ್ಲಿನವರು ಪದದ ಕೊನೆಯ ‘ಸ್’ ನುಂಗುತ್ತಾರೆ. ‘ಬುಎನಾಸ್ ತಾರ್ದೆಸ್’ ಅನ್ನುವುದು ‘ಬುಎನಾ ತಾರ್ದೆ’ ಆಗುತ್ತದೆ. ‘ಮಾಸ್ ಓ ಮೆನೋಸ್’ ಅನ್ನುವುದು ‘ಮಾ ಓ ಮೆನೋ’. ಎರಡು ಸ್ವರದ ನಡುವಿನ ‘ದ’ ಕೂಡ ಬಿದ್ದುಹೋಗುತ್ತದೆ. ಸುಸ್ತಾಗಿದೆ ಅನ್ನಲು ನೀವು ಕಲಿತದ್ದು ‘ಕನ್ಸಾದೋ’, ಅಲ್ಲಿ ಕೇಳುವುದು ‘ಕನ್ಸಾಓ’. ಊರಿನ ಹೆಸರನ್ನೇ ‘ಗ್ರನಾ’ ಅಂತ ಮುಗಿಸಿಬಿಡುತ್ತಾರೆ. ಈಗ ಯೋಚನೆ ಮಾಡಿ. ಸ್ಪ್ಯಾನಿಷ್‌ನಲ್ಲಿ ಬಹುವಚನ ಗೊತ್ತಾಗುವುದೇ ಕೊನೆಯ ‘ಸ್’ನಿಂದ. ‘ನೀನು ಮಾಡ್ತೀಯ’, ‘ಅವಳು ಮಾಡ್ತಾಳೆ’ ಅನ್ನುವ ವ್ಯತ್ಯಾಸವೂ ಎಷ್ಟೋ ಕಡೆ ಆ ‘ಸ್’ನಲ್ಲೇ ಇದೆ. ನೀವು ಕಾಯುತ್ತಿರುವ ಗುರುತೇ ಬರುತ್ತಿಲ್ಲ. ಹಾಗಾದರೆ ಆ ಊರಿನವರು ಒಬ್ಬರನ್ನೊಬ್ಬರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ? ಗ್ರನಾದಾ ಇರುವ ಪೂರ್ವ ಆಂದಲುಸಿಯಾದಲ್ಲಿ ‘ಸ್’ ಬಿದ್ದ ಕಡೆ ಅದರ ಹಿಂದಿನ ಸ್ವರವನ್ನು ಬಾಯಿ ಅಗಲಿಸಿ ಹೇಳುತ್ತಾರೆ. ‘ಲಾ ಕಾಸಾ’ ಅಂದರೆ ಒಂದು ಮನೆ. ಅದೇ ಮಾತು ಅಗಲ ಬಾಯಲ್ಲಿ, ‘ಲ್ಯಾ ಕ್ಯಾಸ್ಯಾ’ ಅಂದ ಹಾಗೆ ಕೇಳಿದರೆ ಮನೆಗಳು. ಇದು ಬಿ-1 ಪುಸ್ತಕದಲ್ಲಿ ಇರುವುದಿಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ನಿಮಗೆ ಇವತ್ತೇ ಗೊತ್ತಾಯಿತು.

ನಾವು ಮಾತ್ರ ಏನು ಕಮ್ಮಿ? ‘ಎಲ್ಲಿಗೆ ಹೋಗುತ್ತಿದ್ದೀಯ’ ಅಂತ ಪೂರ್ತಿಯಾಗಿ ಕೊನೆಯ ಸಲ ಹೇಳಿದ್ದು ಯಾವಾಗ ಹೇಳಿ. ‘ಎಲ್ಲೋಗ್ತಿದೀಯ’ ಅಲ್ವಾ?

ಇನ್ನು ನಾಲಿಗೆಗೆ ಹತ್ತಲ್ಲ ಅನ್ನುವ ಮಾತು. ಇಟಲಿಯವರಿಗೆ ಬೇಗ ಬರುತ್ತದೆ ಅನ್ನುವುದು ನಿಜ. ಎರಡೂ ಲ್ಯಾಟಿನ್‌ನ ಮಕ್ಕಳು, ಪದಗಳೇ ಅರ್ಧಕ್ಕರ್ಧ ಹೋಲುತ್ತವೆ. ಆದರೆ ಉಚ್ಚಾರಣೆಯಲ್ಲಿ ನಿಮಗಿರುವ ಅನುಕೂಲ ಇಂಗ್ಲಿಷ್ ಮಾತೃಭಾಷೆಯವರಿಗೂ ಇಲ್ಲ. ಸ್ಪ್ಯಾನಿಷ್‌ನ ಐದು ಸ್ವರಗಳೂ ಕನ್ನಡದಲ್ಲಿವೆ. ಅವರ ‘ತ’, ‘ದ’ ನಮ್ಮ ತ, ದ ಇದ್ದ ಹಾಗೇ, ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವಂಥವು. ಇಂಗ್ಲಿಷಿನವರು ಅಲ್ಲಿ ‘ಟ’, ‘ಡ’ ಅಂತ ಒದ್ದಾಡುವುದನ್ನು ನೀವೇ ಕೇಳಿರುತ್ತೀರಿ. ವ್ಯಾಕರಣದಲ್ಲೂ ಅಷ್ಟೇ. ‘ಆಬ್ಲೋ’ ಅಂದರೆ ಸಾಕು, ‘ಮಾತಾಡ್ತೀನಿ’ ಅಂದ ಹಾಗೆ. ‘ನಾನು’ ಅಂತ ಬೇರೆ ಹೇಳಬೇಕಿಲ್ಲ, ಕ್ರಿಯಾಪದದ ಬಾಲದಲ್ಲೇ ಇದೆ. ‘ಮೆ ಗುಸ್ತಾ’ ಅನ್ನುವುದನ್ನು ಅಮೆರಿಕದ ಮಕ್ಕಳಿಗೆ ಕಲಿಸಲು ವಾರಗಟ್ಟಲೆ ಬೇಕು. ನಮಗೆ? ‘ನನಗೆ ಇಷ್ಟ’, ಮುಗಿಯಿತು. ‘ಮೆ ದುಎಲೆ ಲಾ ಕಬೇಸಾ’ ಅಂದರೆ ‘ನನಗೆ ತಲೆ ನೋಯ್ತಿದೆ’. ಕನ್ನಡದಲ್ಲಿ ಯೋಚಿಸಿ ಸ್ಪ್ಯಾನಿಷ್‌ನಲ್ಲಿ ಹೇಳಿ ಅಂತ ನನ್ನ ಕ್ಲಾಸಿನಲ್ಲಿ ನಾನು ಸುಮ್ನೆ ಹೇಳುವುದಲ್ಲ. ಇಂಗ್ಲಿಷನ್ನು ನಡುವೆ ತಂದರೆ ದಾರಿ ಸುತ್ತು ಜಾಸ್ತಿ.

ಹಾಗಂತ ಅಲ್ಲಿ ಇದ್ದ ಮಾತ್ರಕ್ಕೆ ಭಾಷೆ ತಾನೇ ಬರುತ್ತದೆ ಅನ್ನುವುದೂ ಸುಳ್ಳು. ಇದು ಇನ್ನೂ ದೊಡ್ಡ ಸುಳ್ಳು. ಭಾಷಾ ಕಲಿಕೆಯ ಸಂಶೋಧಕಿ ಬಾರ್ಬರಾ ಫ್ರೀಡ್ ಮತ್ತು ಸಂಗಡಿಗರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫ್ರೆಂಚ್ ಕಲಿಯುವ ಅಮೆರಿಕದ ವಿದ್ಯಾರ್ಥಿಗಳ ಮೂರು ಗುಂಪು: ಫ್ರಾನ್ಸಿಗೆ ಹೋದವರು, ಅಮೆರಿಕದಲ್ಲೇ ಬೇಸಿಗೆ ಶಿಬಿರದಲ್ಲಿ ಬರೀ ಫ್ರೆಂಚ್ ಆಡಿದವರು, ಮಾಮೂಲಿ ಕ್ಲಾಸಿನಲ್ಲಿ ಕಲಿತವರು. ಮಾತಿನ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಫ್ರಾನ್ಸಿಗೆ ಹೋದವರಲ್ಲ, ಶಿಬಿರದವರು. ಕಾರಣ ಸರಳ. ಫ್ರಾನ್ಸಿನಲ್ಲಿದ್ದವರು ಕ್ಲಾಸಿನ ಹೊರಗೆ ಫ್ರೆಂಚ್‌ಗಿಂತ ಇಂಗ್ಲಿಷನ್ನೇ ಜಾಸ್ತಿ ಆಡುತ್ತಿದ್ದರು. ಅದು ಸಣ್ಣ ಅಧ್ಯಯನ. ಆದರೆ ನಾನು ಕಂಡದ್ದಕ್ಕೆ ಸರಿಯಾಗಿ ಹೊಂದುತ್ತದೆ.

ಈಗ ನಿಮ್ಮ ದಿನದ ಲೆಕ್ಕ ಹಾಕೋಣ. ಮನೆಯಲ್ಲಿ ಹಿಂದಿ, ಇಂಗ್ಲಿಷ್. ಕ್ಲಾಸಿನಲ್ಲಿ ಕೇಳುವುದು ಮಾತ್ರ. ಅಮ್ಮನ ಫೋನು ಅಲ್ಲಿನ ಸಂಜೆ ಆರರಿಂದ ಏಳೂವರೆ. ಊರಿಗೆ ಊರೇ ಮನೆಯಿಂದ ಹೊರಗೆ ಬಂದು ಬೀದಿಯಲ್ಲಿ ಮಾತಾಡುವ ಹೊತ್ತು ಅದು! ಆಮೇಲೆ ಕಣ್ಣು ಊದಿಸಿಕೊಂಡು ಎಲ್ಲಿ ಹೋಗುತ್ತೀರಿ? ದಿನಕ್ಕೆ ಎಷ್ಟು ನಿಮಿಷ ನೀವೇ ಬಾಯಿಬಿಟ್ಟು ಸ್ಪ್ಯಾನಿಷ್ ಆಡುತ್ತೀರಿ? ಹದಿನೈದು ಇದ್ದರೆ ಹೆಚ್ಚು. ಹಾಗಾಗಿ ನಾನು ದೂರುವುದು ನಿಮ್ಮ ನಾಲಿಗೆಯನ್ನಲ್ಲ, ಈ ಟೈಮ್ ಟೇಬಲ್ಲನ್ನು.

ಅಂಗಡಿಯಾಕೆಯ ಸಿಟ್ಟಿನ ವಿಷಯ. ಗ್ರನಾದಾದವರ ಗಡಸು ಮಾತಿಗೆ ಸ್ಪೇನ್‌ನಲ್ಲೆಲ್ಲ ಹೆಸರಿದೆ. ಅದಕ್ಕೊಂದು ಪದವೇ ಇದೆ, ‘ಮಾಲಾಫೊಯಾ’. ಕಮ್ಮಾರನ ತಿದಿಯನ್ನು ಸರಿಯಾಗಿ ಊದಲು ಬಾರದವರಿಂದ ಆ ಮಾತು ಬಂತು ಅಂತ ಅಲ್ಲಿನವರು ಕಥೆ ಹೇಳುತ್ತಾರೆ. ಮುಖ ಗಂಟು, ಮಾತು ಕಡ್ಡಿ ಮುರಿದ ಹಾಗೆ, ಮನಸ್ಸಿನಲ್ಲಿ ಏನೂ ಇಲ್ಲ. ಊರಿನವರಿಗೆ ಅದು ಒಂಥರಾ ಹೆಮ್ಮೆ ಕೂಡ. (ಪದ ಸ್ವಲ್ಪ ಪೋಲಿಯಾಗಿ ಕೇಳುತ್ತದೆ, ಮೇಷ್ಟ್ರ ಮುಂದೆ ಬೇಡ.) ಅದರ ಮೇಲೆ ಭಾಷೆಯ ರೂಢಿ ಬೇರೆ. ಅಂಗಡಿಯಲ್ಲಿ ‘ದಿಮೆ’ ಅನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ‘ಹೇಳು’. ನಮ್ಮ ಕಿವಿಗೆ ಏಕವಚನ ಕಪಾಳಕ್ಕೆ ಹೊಡೆದ ಹಾಗೆ ಆಗುತ್ತದೆ. ಅಲ್ಲಿ ‘ತೂ’, ಅಂದರೆ ನೀನು, ಅನ್ನುವುದು ಸಲುಗೆ. ಪ್ರೊಫೆಸರನ್ನೂ ಹೆಸರು ಹಿಡಿದು ‘ತೂ’ ಅನ್ನುತ್ತಾರೆ. ತುಂಬ ವಯಸ್ಸಾದವರಿಗೆ, ಆಫೀಸಿನ ಕೌಂಟರ್‌ನಲ್ಲಿ ‘ಉಸ್ತೆದ್’, ನಮ್ಮ ‘ತಾವು’ ಇದ್ದ ಹಾಗೆ, ಅಂದರೆ ಸಾಕು. ಹಾಗೇ ‘ಕೆ ತಾಲ್’, ಹೇಗಿದ್ದೀಯ, ಅಂತ ಕೇಳಿ ನಿಲ್ಲದೆ ಹೋದರೆ ಬೇಜಾರು ಬೇಡ. ನಾವು ‘ಊಟ ಆಯ್ತಾ’ ಅಂತ ಕೇಳಿದಾಗ ಯಾರಾದರೂ ಸಾರು ಪಲ್ಯದ ವಿವರ ಹೇಳುತ್ತಾ ನಿಂತರೆ ನಮಗೂ ಕಷ್ಟವೇ.

ರಾತ್ರಿ ಒಂಬತ್ತು ಗಂಟೆ ಮತ್ತು ‘ಬಾರ್’ ಎರಡೂ ನಿಮ್ಮ ತಾಯಿಯನ್ನು ಹೆದರಿಸಿರಬೇಕು. ಸ್ಪೇನ್ ಇರುವುದು ಬ್ರಿಟನ್ನಿನ ನೇರಕ್ಕೆ. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋ ಆಡಳಿತ ಗಡಿಯಾರವನ್ನು ಜರ್ಮನಿಯ ಹೊತ್ತಿಗೆ ತಿರುಗಿಸಿತು. ಮತ್ತೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಹೀಗಾಗಿ ನೀವು ಹೋದ ಸೆಪ್ಟೆಂಬರಿನಲ್ಲಿ ಅಲ್ಲಿನ ಒಂಬತ್ತು ಗಂಟೆ ಅಂದರೆ ಸೂರ್ಯನ ಲೆಕ್ಕದಲ್ಲಿ ನಮ್ಮೂರಿನ ಏಳು ಗಂಟೆ ಇದ್ದ ಹಾಗೆ. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಒಂಬತ್ತೂವರೆಗೆ ಅನ್ನುವುದರಲ್ಲಿ ಇದರ ಪಾಲೂ ಇದೆ. ಇನ್ನು ಬಾರು. ಹಾಸನದಲ್ಲಿ ಬಾರ್ ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಅಲ್ಲಿ ಬಾರ್ ಅಂದರೆ ನಮ್ಮ ದರ್ಶಿನಿ. ಬೆಳಿಗ್ಗೆ ಅಜ್ಜಿಯರು ಟೊಮೆಟೊ ಮತ್ತು ಆಲಿವ್ ಎಣ್ಣೆ ಹಾಕಿದ ಟೋಸ್ಟ್ ತಿನ್ನುವುದು ಅಲ್ಲೇ, ಮಕ್ಕಳು ಹೋಂವರ್ಕ್ ಮಾಡುವುದೂ ಅಲ್ಲೇ. ಕುಡಿಯಲೇಬೇಕು ಅಂತಿಲ್ಲ. ‘ಮೋಸ್ತೋ’ ಕೇಳಿ, ಅದು ದ್ರಾಕ್ಷಿ ರಸ. ಗ್ರನಾದಾದಲ್ಲಿ ಪಾನೀಯದ ಜೊತೆ ಒಂದು ತಟ್ಟೆ ತಿಂಡಿ, ‘ತಾಪಾ’, ಪುಕ್ಕಟೆ ಬರುತ್ತದೆ. ಒಬ್ಬಳೇ ರಾತ್ರಿ ವಾಪಸ್ ಬರುವುದು ಅನ್ನುವ ಅಳುಕು ಇದ್ದರೆ ಅದು ಬೇರೆ ಮಾತು, ಜೊತೆಗೆ ನಡೆದು ಬರುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಗುಂಪು ಕೆಲಸಕ್ಕೆ ಮಾತ್ರ ತಪ್ಪಿಸಬೇಡಿ. ಅಲ್ಲಿ ಅದಕ್ಕೂ ಅಂಕ ಇರುತ್ತದೆ.

ಊಟದಲ್ಲಿ ನಿಮಗಾದದ್ದು ಮೋಸ ಅಲ್ಲ, ಪದದ ಗೊಂದಲ. ‘ಬೆಹೆತಾಲ್’ ಅಂತ ಹೆಸರಿರುವ ಸ್ಯಾಂಡ್‌ವಿಚ್‌ನಲ್ಲಿ ಮೊಟ್ಟೆ, ಟ್ಯೂನಾ ಮೀನು ಇರುವುದು ಮಾಮೂಲು. ‘ಸಿನ್ ಕಾರ್ನೆ’, ಮಾಂಸ ಬೇಡ, ಅಂದರೆ ಅವರ ತಲೆಯಲ್ಲಿ ‘ಹಾಮೋನ್’, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ, ಅದರಲ್ಲಿ ಸೇರುವುದೇ ಇಲ್ಲ. ಮೀನಂತೂ ಸೇರುವುದಿಲ್ಲ. ಒಂದೊಂದೇ ಹೆಸರು ಹೇಳಿ: ‘ನಿ ಕಾರ್ನೆ, ನಿ ಪೆಸ್ಕಾದೋ, ನಿ ಹಾಮೋನ್, ನಿ ಆತೂನ್’. ಮಾಂಸ, ಮೀನು, ಹಾಮೋನ್, ಟ್ಯೂನಾ ಯಾವುದೂ ಬೇಡ ಅಂತ. ಬೇಳೆ ಸಾರಿನಂತೆ ಕಾಣುವ ‘ಲೆಂತೇಹಾಸ್’ನಲ್ಲಿ ಚೊರೀಸೋ, ಅಂದರೆ ಹಂದಿ ಮಾಂಸದ ಸಾಸೇಜ್, ತುಂಡು ಇರುತ್ತದೆ. ‘ಸಾಲ್ಮೊರೇಹೋ’ ಟೊಮೆಟೊ ಸಾರೇ ಆದರೂ ಮೇಲೆ ಹಾಮೋನ್ ಉದುರಿಸುತ್ತಾರೆ. ಡಿಸೆಂಬರಿನಲ್ಲಿ ಎಲ್ಲರೂ ಕೈಗೆ ಕೊಡುವ ‘ಪೋಲ್ವೊರೋನ್’ ಸಿಹಿಯನ್ನು ಸಾಮಾನ್ಯವಾಗಿ ಹಂದಿ ಕೊಬ್ಬಿನಲ್ಲಿ ಮಾಡುತ್ತಾರೆ, ಪೊಟ್ಟಣ ಓದಿ. ಧೈರ್ಯವಾಗಿ ತಿನ್ನಬಹುದಾದದ್ದು ಬದನೆಕಾಯಿ ಕರಿದು ಕಬ್ಬಿನ ಜೇನು ಸುರಿದ ‘ಬೆರೆನ್‌ಹೇನಾಸ್ ಕೋನ್ ಮಿಯೆಲ್’. ನಮ್ಮ ಜೋನಿಬೆಲ್ಲವೇ ನೆನಪಾಗುತ್ತದೆ. ಮನೆಯಲ್ಲಿ ಗಾಜಿನ ಬಾಟಲಿಯ ಬೆಂದ ಕಡಲೆ, ಬಿಳಿ ಮೊಸರು, ಅನ್ನ ಇದ್ದರೆ ಯಾವ ಹೆಣ್ಣುಮಗಳೂ ಹಸಿದು ಮಲಗಬೇಕಿಲ್ಲ.

ಅಂಕದ್ದೂ ಒಂದು ಮಾತು. ಅಲ್ಲಿ ಹತ್ತಕ್ಕೆ ಐದು ಪಾಸು, ಏಳಕ್ಕೆ ‘ನೊತಾಬ್ಲೆ’ (ಉತ್ತಮ), ಒಂಬತ್ತಕ್ಕೆ ‘ಸೊಬ್ರೆಸಾಲಿಯೆಂತೆ’ (ಅತ್ಯುತ್ತಮ). ಅವರ ಭಾಷೆಯಲ್ಲಿ, ಅವರ ಮಕ್ಕಳ ಜೊತೆ ಕೂತು 5.8 ತಂದಿದ್ದೀರಿ. ನಾನಾಗಿದ್ದರೆ ಸಿಹಿ ಹಂಚುತ್ತಿದ್ದೆ. ಆದರೆ ಆ 5.8 ನಿಮ್ಮ ಕಾಲೇಜಿನ ಲೆಕ್ಕದಲ್ಲಿ ಏನಾಗುತ್ತದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಪಾಸಾದ ಅಂಕವನ್ನೂ ಕಡಿಮೆ ದರ್ಜೆ ಅಂತ ಬರೆದುಕೊಂಡ ಕಾಲೇಜನ್ನು ಕಂಡಿದ್ದೇನೆ.

ಈಗ ನಿಮ್ಮ ಮುಂದಿರುವ ದಾರಿಗಳು. ನನ್ನ ಒಲವು ಎತ್ತ ಅಂತ ಮುಚ್ಚಿಡುವುದಿಲ್ಲ.

ಅದೇ ಮನೆಯಲ್ಲಿದ್ದು ದಿನಚರಿ ಬದಲಿಸುವುದು ಮೊದಲನೆಯದು. ಅಮ್ಮನ ಫೋನನ್ನು ಅಲ್ಲಿನ ಮಧ್ಯಾಹ್ನದ ಊಟದ ಹೊತ್ತಿಗೆ ತನ್ನಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಿಮ್ಮ ಎರಡೂವರೆ ಅಂದರೆ ಹಾಸನದ ಸಂಜೆ ಏಳು. ಇಪ್ಪತ್ತು ನಿಮಿಷ ಸಾಕು. ಅಮ್ಮನಿಗೆ ಮೊದಮೊದಲು ನೋವಾಗುತ್ತದೆ, ಕಾರಣ ಬಿಡಿಸಿ ಹೇಳಿ. ಖಾಲಿಯಾದ ಸಂಜೆಗೆ ‘ಇಂತರ್‌ಕಾಂಬಿಯೋ’ ಹುಡುಕಿ, ಅಂದರೆ ಭಾಷೆಯ ಕೊಡು ಕೊಳ್ಳು: ಅರ್ಧ ಗಂಟೆ ಇಂಗ್ಲಿಷ್, ಅರ್ಧ ಗಂಟೆ ಸ್ಪ್ಯಾನಿಷ್. ನಾಚಿಕೆ ಬೇಡ, ಅವರಿಗೂ ಗರಜಿದೆ. ಅಲ್ಲಿ ಎಷ್ಟೋ ಪದವಿಗೆ ಒಂದು ವಿದೇಶಿ ಭಾಷೆಯಲ್ಲಿ ಬಿ-1 ಕೇಳುವ ರೂಢಿ ಇದೆ. ಕ್ಲಾಸಿನವರು ಇಂಗ್ಲಿಷ್‌ಗೆ ತಿರುಗಿದರೆ ‘ಎನ್ ಎಸ್ಪಾನ್ಯೋಲ್, ಪೋರ್ಫಾ’, ಸ್ಪ್ಯಾನಿಷ್‌ನಲ್ಲೇ ಪ್ಲೀಸ್, ಅನ್ನಿ, ನಕ್ಕು ತಿರುಗುತ್ತಾರೆ. ಅರ್ಥವಾಗದಿದ್ದಾಗ ‘ಅರ್ಥ ಆಗಲಿಲ್ಲ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅರ್ಥವಾದಷ್ಟನ್ನು ತಿರುಗಿ ಹೇಳಿ, ‘ಗುರುವಾರ... ಎಷ್ಟು ಗಂಟೆಗೆ?’ ಅಂದ ಹಾಗೆ. ಉಳಿದದ್ದನ್ನು ಅವರೇ ತುಂಬುತ್ತಾರೆ. ಪ್ರೊಫೆಸರುಗಳ ‘ತುತೊರಿಯಾ’ ಸಮಯಕ್ಕೆ ಹೋಗಿ ಕೂತುಕೊಳ್ಳಿ. ವಿದ್ಯಾರ್ಥಿಗಳ ಪ್ರಶ್ನೆಗೆಂದೇ ಅವರು ಬಾಗಿಲು ತೆರೆದು ಕೂರುವ ಹೊತ್ತು ಅದು. ಹೋಗುವವರು ಕಡಿಮೆ, ಹೋದವರ ಮುಖ ನೆನಪಿರುತ್ತದೆ. ಈ ದಾರಿಯ ಅಪಾಯ ಒಂದೇ. ಮನೆಗೆ ಬಂದ ಕೂಡಲೇ ಮತ್ತೆ ಹಿಂದಿ, ಇಂಗ್ಲಿಷ್, ಮತ್ತೆ ‘ನಮಗೆ ಹತ್ತಲ್ಲ’. ಎರಡು ವಾರದಲ್ಲಿ ಹಳೇ ಚಾಳಿಗೆ ಬೀಳುವವರೇ ಜಾಸ್ತಿ.

ಸ್ಪ್ಯಾನಿಷ್ ಹುಡುಗಿಯರ ಮನೆಗೆ ಬದಲಾಗುವುದು ಎರಡನೆಯದು. ಕಿವಿಗೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ. ಅಡುಗೆಮನೆಯಲ್ಲಿ ಪಾತ್ರೆ ಯಾರು ತೊಳೆಯಬೇಕು ಅನ್ನುವ ಜಗಳದಲ್ಲಿ ನಾನು ಕಲಿತಷ್ಟು ಕ್ರಿಯಾಪದಗಳನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಆದರೆ ನಿಮ್ಮ ಈಗಿನ ಕರಾರು ಓದಿ. ನಡುವೆ ಬಿಟ್ಟರೆ ‘ಫಿಯಾನ್ಸಾ’, ಅಂದರೆ ಅಡ್ವಾನ್ಸು, ಹೋಗಬಹುದು. ನಾನು ಹಾಗೆ ಒಂದು ತಿಂಗಳ ಬಾಡಿಗೆ ಕಳೆದುಕೊಂಡವಳೇ. ಹೊಸ ಮನೆಯನ್ನು ಕಣ್ಣಾರೆ ನೋಡದೆ ಒಂದು ಯೂರೋ ಕೂಡ ಕಳಿಸಬೇಡಿ. ‘ಕಾಲೆಫಾಕ್ಸಿಯೋನ್’ ಇದೆಯಾ ಅಂತ ಕೇಳಿ, ಮನೆ ಬೆಚ್ಚಗಿಡುವ ವ್ಯವಸ್ಥೆ ಅದು. ಸ್ಪೇನ್ ಅಂದರೆ ಬಿಸಿಲು ಅಂದುಕೊಂಡಿರುತ್ತೀರಿ. ಗ್ರನಾದಾದ ಬೆನ್ನಿಗೇ ಸಿಯೆರ್ರಾ ನೆವಾದಾ ಪರ್ವತದ ಹಿಮ ಇದೆ. ಜನವರಿ ರಾತ್ರಿ ಸೊನ್ನೆ ಡಿಗ್ರಿಗೆ ಇಳಿಯುತ್ತದೆ, ನೆಲವೆಲ್ಲ ಟೈಲ್ಸು. ಹಳೇ ಮನೆಗಳಲ್ಲಿ ದುಂಡು ಮೇಜಿನ ಕೆಳಗೆ ಹೀಟರ್ ಇಟ್ಟು, ಮೇಲಿಂದ ದಪ್ಪ ಬಟ್ಟೆ ಇಳಿಬಿಟ್ಟು, ಎಲ್ಲರೂ ಅದರೊಳಗೆ ಕಾಲಿಟ್ಟು ಕೂರುತ್ತಾರೆ. ಅದರ ಸುತ್ತ ಕೂತರೆ ಮಾತಾಡದೆ ಬೇರೆ ದಾರಿ ಇಲ್ಲ!

ವಾಪಸ್ ಬರುವುದು ಮೂರನೆಯದು. ಅದು ಸೋಲು ಅಂತ ನಾನು ಹೇಳುವುದಿಲ್ಲ. ಬಂದವರಿದ್ದಾರೆ, ಚೆನ್ನಾಗಿದ್ದಾರೆ. ಆದರೆ ತರಗತಿಗಳು ಮುಗಿಯುವುದೇ ಡಿಸೆಂಬರ್ ಹೊತ್ತಿಗೆ, ಪರೀಕ್ಷೆ ಜನವರಿಯಲ್ಲಿ. ಅಂದರೆ ಕಷ್ಟವೆಲ್ಲ ಪಟ್ಟು, ಫಲ ಬರುವ ಮೊದಲು ಎದ್ದು ಬಂದ ಹಾಗೆ. ಕ್ರೆಡಿಟ್ ಸಿಗದಿದ್ದರೆ ಇಲ್ಲಿ ಸೆಮಿಸ್ಟರ್ ಮತ್ತೆ ಮಾಡಬೇಕಾಗಬಹುದು, ಸಾಲದ ಮೇಲೆ ಇನ್ನೊಂದು ಖರ್ಚು. ಟಿಕೆಟ್ ತೆಗೆಯುವ ಮೊದಲು ಎರಡೂ ಕಡೆಯ ಆಫೀಸಿಗೆ ಇಮೇಲ್ ಬರೆದು, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ನಡುವಿನ ದಾರಿಯೂ ಒಂದಿದೆ: ಭಾರವಾದ ಒಂದು ವಿಷಯವನ್ನು ಕೈಬಿಡಬಹುದಾ ಅಂತ ಕೇಳಿ. ಸಾಮಾನ್ಯವಾಗಿ ಗಡುವು ಸೆಮಿಸ್ಟರಿನ ಶುರುವಿನಲ್ಲೇ ಇರುತ್ತದೆ, ಆದರೂ ಕೇಳಿ ನೋಡಿ.

ಒಂದು ವಿಷಯದಲ್ಲಿ ಮಾತ್ರ ಮೇಲಿನದ್ದೆಲ್ಲ ಮರೆತುಬಿಡಿ. ಅಳು ಬರುವುದು ಬೇರೆ. ಎರಡು ವಾರದಿಂದ ನಿದ್ದೆ ಇಲ್ಲ, ತಿನ್ನಲಾಗುತ್ತಿಲ್ಲ, ಹಾಸಿಗೆಯಿಂದ ಏಳಲು ಆಗುತ್ತಿಲ್ಲ ಅಂದರೆ ಬೇರೆ. ಹಾಗಿದ್ದರೆ ವಿಶ್ವವಿದ್ಯಾಲಯದ ಆಪ್ತ ಸಲಹೆಯವರನ್ನು ಇದೇ ವಾರ ಕಾಣಿ. ಬದುಕೇ ಬೇಡ ಅನ್ನಿಸಿದರೆ ಸ್ಪೇನ್‌ನಲ್ಲಿ 024ಕ್ಕೆ ಫೋನ್ ಮಾಡಿ. ತುರ್ತಿಗೆ 112. ಅಂಥ ಹೊತ್ತಿನಲ್ಲಿ ಭಾಷೆ, ಸಾಲ, ಕ್ರೆಡಿಟ್ ಯಾವುದೂ ಲೆಕ್ಕಕ್ಕಿಲ್ಲ, ಮನೆಗೆ ಬನ್ನಿ.

ಹಾಗಿಲ್ಲದಿದ್ದರೆ ನನ್ನ ಒಲವು ಎರಡನೆಯದಕ್ಕೆ. ಕರಾರು ಬಿಡದಿದ್ದರೆ ಮೊದಲನೆಯದಕ್ಕೆ. ವಾಪಸ್ ಬರುವ ತೀರ್ಮಾನವನ್ನು ನವೆಂಬರ್ ಕೊನೆಯವರೆಗೆ ಎತ್ತಿಡಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಕಿವಿ ಬಿಟ್ಟದ್ದು ಮೂರನೇ ತಿಂಗಳಲ್ಲಿ. ಒಂದು ದಿನ ಬಸ್ಸಿನಲ್ಲಿ ಹಿಂದಿನ ಸೀಟಿನವರ ಜಗಳ ತಾನಾಗಿಯೇ ಅರ್ಥವಾಯಿತು ಅಂತ ಬರೆಯುತ್ತಾರೆ.

ಅಲ್ಲಿಯವರೆಗೆ ನಾಳೆಯೇ ಮಾಡುವ ಒಂದು ಕೆಲಸ ಇದೆ. ನೋಟು ಮನೆಯಲ್ಲಿಡಿ, ಆ ಡಬ್ಬಿಯ ಚಿಲ್ಲರೆ ತಗೊಂಡು ಬ್ರೆಡ್ ಅಂಗಡಿಗೆ ಹೋಗಿ. ಆಕೆ ಬೆಲೆ ಹೇಳಿದಾಗ ‘ಕುಆಂತೋ?’ ಅಂತ ಇನ್ನೊಂದು ಸಲ ಕೇಳಿ, ನಾಣ್ಯ ಒಂದೊಂದೇ ಎಣಿಸಿ ಕೊಡಿ. ಹಿಂದೆ ಸಾಲು ನಿಂತರೆ ನಿಲ್ಲಲಿ. ಕೊನೆಗೆ ಆಕೆ ‘ಆರ್ಗೋ ಮಾ?’ ಅಂದರೆ ಅದು ‘ಆಲ್ಗೋ ಮಾಸ್’, ಇನ್ನೇನಾದರೂ ಬೇಕಾ ಅಂತ. ಇನ್ನೇನೂ ಬೇಡ ಅಂತ ನೀವೂ ‘ಸ್’ ನುಂಗಿ ಹೇಳಿ, ‘ನಾದಾ ಮಾ’.